ಎರಡು ಖಾತೆ, ಒಂದು ಬೀಗ

೧೨ ಫೆಬ್ರವರಿ ೨೦೨೫, ಬುಧವಾರ

ನಾನು ಬರೆಯಬೇಕಂತೆ! ಐದನೇ ಕ್ಲಾಸಿನಲ್ಲಿ ಮೇಷ್ಟರ ಬೆತ್ತ ಕಿತ್ತುಕೊಂಡು, ಎರಡು ತುಂಡು ಮಾಡಿ, ಅವರ ಮೇಜಿನ ಮೇಲೇ ಇಟ್ಟು ಹೊರಗೆ ಬಂದವನು ನಾನು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಅರವತ್ತೆಂಟರಲ್ಲಿ ಕಾಪಿ ಬರೆಯುವ ಶಿಕ್ಷೆ.

ಶಿಕ್ಷೆ ಕೊಟ್ಟವಳು ದೊಡ್ಡಾಸ್ಪತ್ರೆಯಲ್ಲಿ ಕೈಕಾಲು ತಿದ್ದುವ ಅಂಬುಜಾ ಅನ್ನುವ ಹೆಣ್ಣುಮಗಳು. ಇವತ್ತು ಬಲಗೈ ಪಟ್ಟಿ ಬಿಚ್ಚಿದರು. ಒಳಗಿನಿಂದ ಬಂದದ್ದು ನನ್ನ ಕೈಯಲ್ಲ, ಸುಲಿದ ಕೋಳಿಯ ಕಾಲು. ಮುಷ್ಟಿ ಕಟ್ಟಲು ನೋಡಿದೆ. ಕಿರುಬೆರಳು, ಉಂಗುರದ ಬೆರಳು ಎರಡೂ ಮಾತು ಕೇಳಲಿಲ್ಲ.

"ಮುಷ್ಟಿ ಆಮೇಲೆ ನೋಡೋಣ ಯಜಮಾನ್ರೇ. ಮೊದ್ಲು ಪೆನ್ನು ಹಿಡೀರಿ. ದಿನಾ ಒಂದು ಪುಟ ಬರೀರಿ, ಬೆರಳು ಬಗ್ಗುತ್ವೆ" ಅಂದಳು.

"ಏನಮ್ಮ ಬರೀಲಿ?"

"ಏನಾದ್ರೂ ಬರೀರಿ. ಬೈಗುಳಾನೇ ಬರೀರಿ."

ಸರಿ, ಬೈಗುಳ. ಯೋಗೇಂದ್ರ. ನನ್ನ ಅಳಿಯ. ಬೇರೆ ಬೈಗುಳ ಬೇಕಿಲ್ಲ, ಹೆಸರೇ ಸಾಕು. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ನನ್ನ ಮಗಳು ಸುಷ್ಮಿತಾ ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡೇ ಇದ್ದಳು. ಎಳೆದು ನೋಡಿದರೆ ನಾಲ್ಕು ಬೆರಳು ಮೂಡಿದ್ದವು. ಮಾರನೆಯ ದಿನ ಹೋಗಿ ಅವನ ದವಡೆಗೆ ಬಿಟ್ಟೆ. ಅವನದು ಎರಡು ಹಲ್ಲು ಹೋದವು, ನನ್ನದು ಎರಡು ಮೂಳೆ. ಅಲ್ಲಿಗೆ ಸರಿಹೋಯಿತು ಅಂದರು ನೆಂಟರು. ನನಗೆ ಸರಿಹೋಗಿಲ್ಲ. ಅವನ ಬಾಯಲ್ಲಿ ಇನ್ನೂ ಹಲ್ಲಿವೆ.

ಪುಟ ತುಂಬಿತು. ಕೈ ಸುಡುತ್ತಿದೆ.

೧೩ ಫೆಬ್ರವರಿ, ಗುರುವಾರ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ಕುಲುಮೆ, ಅದರ ಮುಂದೆ ಅಂಗಡಿ. ಮಚ್ಚು, ಕುಡುಗೋಲು, ಈಳಿಗೆಮಣೆ. ಎಲ್ಲದರ ಮೇಲೂ ಹುಚ್ಚಯ್ಯ ಅಂತ ಮುದ್ರೆ ಹೊಡೆಯುತ್ತೇನೆ. ನನಗಿಂತ ಮೊದಲು ಹುಟ್ಟಿದ ಮೂರೂ ಉಳಿಯಲಿಲ್ಲ. ಇದಕ್ಕೆ ಚೆಂದದ ಹೆಸರಿಟ್ಟರೆ ಜವರಾಯ ಕಣ್ಣು ಹಾಕುತ್ತಾನೆ ಅಂತ ನಮ್ಮವ್ವ ಹುಚ್ಚಯ್ಯ ಅಂತ ಕರೆದಳು. ಜವರಾಯ ಹೆದರಿದ ಹೆಸರು ಅದು.

ಆ ಹೆಸರು ಈಗ ಅಳಿಯನ ಕೈಯಲ್ಲಿದೆ.

ಸಂಕ್ರಾಂತಿಯಿಂದ ನಮ್ಮ ಮನೆಯಲ್ಲೇ ಇರುವ ಸುಷ್ಮಿತಾ ನೆಟ್ಟಿನಲ್ಲಿ ಈಳಿಗೆಮಣೆ ಮಾರುತ್ತಾಳೆ. ಮುಂಬಯಿ, ದುಬೈ ಅಂತ ಎಲ್ಲೆಲ್ಲಿಗೋ ಹೋಗುತ್ತವೆ. ಅವಳ ಊಟ ಬಟ್ಟೆ ಎಲ್ಲ ಅದರಿಂದಲೇ. ಅಲ್ಲಿ ಅಂಗಡಿಯ ವಿಳಾಸ ಹುಚ್ಚಯ್ಯ ಡಾಟ್ ಕಾಮ್. ಮದುವೆಯಾದ ಹೊಸದರಲ್ಲಿ "ನಾನೇ ಮಾಡಿಕೊಡ್ತೀನಿ" ಅಂತ ಯೋಗೇಂದ್ರ ಮಾಡಿಕೊಟ್ಟಿದ್ದ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದು ಇಂಥ ಕೆಲಸ ಮಾಡುತ್ತಾನೆ. ಮಾಡಿದವನು ಅದನ್ನು ತನ್ನ ಹೆಸರಿಗೇ ಬರೆಸಿಕೊಂಡಿದ್ದಾನೆ. ಈಗ ಆ ವಿಳಾಸ ತೆರೆದರೆ ಬರೀ ಬಿಳಿ ಹಾಳೆ. ಮಾಲು ಕೇಳುವವರು ಬಂದು ಮುಚ್ಚಿದ ಶಟರ್ ನೋಡಿ ಹೋಗುತ್ತಿದ್ದಾರೆ.

"ಮಾರ್ಕೆಟ್ ಹತ್ರ ತಗಡಿನ ಈಳಿಗೆ ಮಾರೋನು ಇಲ್ವಾ ಅಪ್ಪ, ಅವನಿಗೆ ಕೊಡ್ತೀನಿ ಅಂದವ್ನಂತೆ" ಅಂದಳು ಸುಷ್ಮಿತಾ.

"ಏನನ್ನ?"

"ನಿನ್ನ ಹೆಸರನ್ನ."

ನನ್ನ ಹೆಸರಿನಲ್ಲಿ ತಗಡು ಮಾರುವುದು. ಪೆನ್ನಿನ ಮೂತಿ ಬಗ್ಗಿತು. ಬೇರೆ ತೆಗೆದುಕೊಂಡೆ.

೧೫ ಫೆಬ್ರವರಿ, ಶನಿವಾರ

ಅಂಬುಜಾ ಹೇಳಿದ ಹಾಗೆ ಕೈ ಮೇಲೆತ್ತಿ ಬೆರಳು ಬಿಚ್ಚಿ ಮಡಚುತ್ತಿದ್ದೆ. ಕಾಫಿ ತಂದ ಚಾಮುಂಡಮ್ಮ ಗಕ್ಕನೆ ಹಿಂದೆ ಸರಿದಳು. ಲೋಟ ಬಿತ್ತು.

"ಏನಾಯ್ತೇ?"

"ಏನಿಲ್ಲ ಬುಡಿ" ಅಂತ ಒರೆಸಿದಳು.

ನಲವತ್ತು ವರ್ಷ ಸಂಸಾರ ಮಾಡಿ ಈ ಹೆಂಗಸಿಗೆ ಒಂದು ಲೋಟ ಹಿಡಿಯಲು ಬರುವುದಿಲ್ಲ.

೧೮ ಫೆಬ್ರವರಿ, ಮಂಗಳವಾರ

ನೆಟ್ಟಿನ ಹೆಸರು ಬರೆದುಕೊಳ್ಳುವ ಕಂಪನಿಗೆ ರಿಜಿಸ್ಟ್ರಾರ್ ಅನ್ನುತ್ತಾರಂತೆ. ಸುಷ್ಮಿತಾ ಅಂದ ಕೂಡಲೇ ನಾನು ಸೈಟಿನ ಪತ್ರಗಳ ಚೀಲ ತೆಗೆದುಕೊಂಡು ಹೊರಟೆ. "ಸಬ್ ರಿಜಿಸ್ಟ್ರಾರ್ ಆಫೀಸಲ್ಲ ಅಪ್ಪ" ಅಂತ ನಗುತ್ತಾ ತಡೆದಳು. ಕೆನ್ನೆಯ ಗುರುತು ಹೋದಮೇಲೆ ಇವತ್ತೇ ನಕ್ಕಿದ್ದು.

ಅಂಥ ಕಂಪನಿ ಸಾವಿರ ಇವೆಯಂತೆ. ಫೋನಿನಲ್ಲಿ ಒಂದೊಂದಾಗಿ ತೋರಿಸಿದಳು. ಇದು ಅಗ್ಗ ಅಂದಳು, ಇದು ದೊಡ್ಡದು ಅಂದಳು.

"ಇವರ ಬಾಗಿಲು ಎಲ್ಲಿ?" ಅಂದೆ.

"ಬಾಗಿಲು ಯಾಕೆ?"

"ಮೋಸ ಮಾಡಿದ್ರೆ ಒದೆಯೋಕೆ."

ಬಾಗಿಲಿರುವುದು ಒಂದು ಸಿಕ್ಕಿತು. ರಾಮಕೃಷ್ಣನಗರದಲ್ಲಿ ಮಹಡಿ ಮೇಲೆ ಅನಂತಪದ್ಮನಾಭ ಅನ್ನುವವನ ಆಫೀಸು. ಬೆಂಗಳೂರಿನ ಒಂದು ಕಂಪನಿಗೆ ಇಲ್ಲಿ ಹೆಸರು ಬರೆಸಿಕೊಡುತ್ತಾನೆ. ಸಣ್ಣ ದನಿಯ ಮನುಷ್ಯ, ಮಾತಿಗೊಂದು ಸಲ ಕನ್ನಡಕ ಒರೆಸುತ್ತಾನೆ.

"ನಿಮ್ಮ ಹೆಸರು ಈಗ ಸಮುದ್ರದಾಚೆ ಇರೋ ಕಂಪ್ನೀಲಿದೆ ಯಜಮಾನ್ರೇ. ಅಲ್ಲಿಂದ ನಮ್ಮ ಕಡೆ ಬರ್ಬೇಕು ಅಂದ್ರೆ ಅದರ ಬೀಗ ತೆಗೀಬೇಕು. ಒಂದು ಗುಟ್ಟಿನ ಅಕ್ಷರ ಕೊಡ್ಬೇಕು. ಎರಡೂ ನಿಮ್ಮ ಅಳಿಯಂದಿರ ಕೈಲಿದೆ."

"ಬೀಗ ಒಡೆದ್ರೆ?"

"ಒಡೆಯೋ ಬೀಗ ಅಲ್ಲ ಸ್ವಾಮಿ ಅದು."

"ಕೈ ಒಡೆದ್ರೆ?"

ಕನ್ನಡಕ ತೆಗೆದು ಒರೆಸಿದ. ಸುಷ್ಮಿತಾ ನನ್ನ ಕಾಲು ತುಳಿದಳು. ಹೊರಡುವಾಗ ಅವನು ಮೆಟ್ಟಿಲವರೆಗೂ ಬಂದು, "ಒಂದು ಮಾತು. ಹೆಸರು ನಮ್ಮ ಕಡೆ ಬಂದು ಸೇರೋವರ್ಗೂ ಮಾಲೀಕರ ಜಾಗದಲ್ಲಿ ಏನನ್ನೂ ಬದಲಾಯಿಸ್ಬೇಡಿ. ಬಂದ್ಮೇಲೆ ಯಾರ ಹೆಸ್ರಿಗೆ ಬೇಕಾದ್ರೂ ಮಾಡ್ಕೊಳ್ಳಿ" ಅಂದ.

ಇವನಿಗೇನು ಗೊತ್ತು. ದಟ್ಟಗಳ್ಳಿಯ ಸೈಟು ಕೊಂಡಾಗ ಇಂಥವರೇ ಮೊದಲು ಬೇಲಿ ಹಾಕಿ ಅಂದಿದ್ದರು. ನಾನು ಖಾತೆ ನನ್ನ ಹೆಸರಿಗೆ ಆಗುವವರೆಗೆ ಒಂದು ಕಲ್ಲು ನೆಡಲಿಲ್ಲ. ಪಕ್ಕದವನು ಬೇಲಿ ಹಾಕಿ ಇವತ್ತಿಗೂ ಕೋರ್ಟು ಸುತ್ತುತ್ತಿದ್ದಾನೆ. ಮೊದಲು ಖಾತೆ, ಮಿಕ್ಕಿದ್ದೆಲ್ಲ ಆಮೇಲೆ.

ಬಾಗಿಲು ಮಾತ್ರ ನೋಡಿಕೊಂಡು, ಮೋಸ ಮಾಡಿದರೆ ಒದೆಯುವುದು ಇದನ್ನೇ ಅಂತ ಅವನಿಗೂ ಹೇಳಿ ಬಂದೆ. ತೇಗದ್ದು. ಇವನೇ ಆಗಬಹುದು.

೨೩ ಫೆಬ್ರವರಿ, ಭಾನುವಾರ

ಮರಿಯಯ್ಯನ ಮನೆಯಲ್ಲಿ ಪಂಚಾಯಿತಿ. ಎರಡೂ ಕಡೆಗೆ ಬೇಕಾದ ಹಿರಿಯ, ಈ ಮದುವೆ ಕುದುರಿಸಿದವನೂ ಅವನೇ. ಯೋಗೇಂದ್ರ ಹೊಸ ಹಲ್ಲು ಕಟ್ಟಿಸಿಕೊಂಡು ಬಂದಿದ್ದ. ನಗುವಾಗ ಅವೆರಡು ಮಾತ್ರ ಬೆಳ್ಳಗೆ ಕಾಣುತ್ತವೆ. ನನ್ನ ಗುರುತು.

"ನೋಡಪ್ಪ ಹುಚ್ಚಯ್ಯ," ಮರಿಯಯ್ಯ ಎಲೆ ಅಡಿಕೆ ಹಾಕಿಕೊಂಡು ಶುರು ಮಾಡಿದ, "ಅವನು ಹೆಸರು ಬುಟ್ಕೊಡ್ತಾನೆ. ನೀನು ಹೆಣ್ಣ ಕಳ್ಸು. ಗಂಡ ಅಂದ್ಮೇಲೆ ಒಂದೇಟು ಬೀಳ್ತದೆ ಹೋಗ್ತದೆ."

ನಾನು ಎದ್ದೆ. ಎಡಗೈ ಇನ್ನೂ ಚೆನ್ನಾಗಿದೆ. ಸುಷ್ಮಿತಾ ನನಗಿಂತ ಮೊದಲು ಮಾತಾಡಿದಳು.

"ನಾನು ಬರಲ್ಲ ಮಾವ. ಹೆಸರು ಕೊಡ್ಲಿ. ಕೊಟ್ರೆ ನಾನು ಠಾಣೆಗೆ ಹೋಗಲ್ಲ. ಕೊಡದೆ ಇದ್ರೆ ನಾಳೆ ಬೆಳಗ್ಗೆ ಹೋಗ್ತೀನಿ. ಕೆನ್ನೆ ಫೋಟೋ ಫೋನಲ್ಲಿದೆ."

ಠಾಣೆ ಅಂದರೆ ಫ್ಯಾಕ್ಟರಿ ಕೆಲಸಕ್ಕೆ ಕುತ್ತು. ಯೋಗೇಂದ್ರ ಲ್ಯಾಪ್‌ಟಾಪ್ ತೆರೆದ.

"ಮೊದ್ಲು ಖಾತೆ ನನ್ನ ಹೆಸರಿಗೆ ಮಾಡು" ಅಂದೆ.

"ಖಾತೇನಾ?" ತಲೆ ಎತ್ತಿ ನೋಡಿದ. ಆ ಎರಡು ಹಲ್ಲು ಕಂಡವು. "ಆಯ್ತು ಮಾವ. ನೀವು ಹೇಳ್ದಂಗೇ ಆಗ್ಲಿ."

ಮಾಲೀಕರು ಅನ್ನುವ ಕಡೆ ಅವನ ಹೆಸರು ಅಳಿಸಿ ನನ್ನದು ಹಾಕಿದ. ಮೇಲ್ ವಿಳಾಸ ಸುಷ್ಮಿತಾಳದು. ಅವಳು ಪಕ್ಕಕ್ಕೆ ಬಗ್ಗಿ, "ತಡಿ ಅಪ್ಪ. ಇಲ್ಲಿ ಒಂದು ಚೌಕ ಇದೆ, ಅದರ ಪಕ್ಕ ಏನೋ ಬರೆದವ್ರೆ. ಓದ್ತೀನಿ" ಅಂದಳು.

"ಓದಿದ್ದು ಸಾಕು. ಒತ್ತೋ ಲೇ!"

ಒತ್ತಿದ. ಇಬ್ಬರಿಗೂ ಮೇಲ್ ಬಂತು, ಇಬ್ಬರೂ ಒಪ್ಪಿಗೆ ಕೊಟ್ಟರು. ಹುಚ್ಚಯ್ಯ ಅಂತ ಇಂಗ್ಲಿಷಿನಲ್ಲಿ ನನ್ನ ಹೆಸರು ಮೂಡಿತು. ಬೀಗ ತೆಗೆದು ಗುಟ್ಟಿನ ಅಕ್ಷರ ನಾಳಿದ್ದು ಕಳಿಸುತ್ತೇನೆ ಅಂದ.

ಆಮೇಲೆ ಕೈ ಕುಲುಕಿ ಅಂದ ಮರಿಯಯ್ಯ. ಯೋಗೇಂದ್ರ ನನ್ನ ಬಲಗೈ ಹಿಡಿದ. ಹಿಡಿದು, ನಗುತ್ತಲೇ, ಹಿಂಡಿದ. ಒಳಗೆ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಕಣ್ಣು ಕತ್ತಲೆ ಬಂತು. ಅವನ ಕತ್ತಿನ ನರ ನೋಡುತ್ತಾ ನಿಂತೆ. ಎಲ್ಲಿ ಇಟ್ಟರೆ ಒಂದೇ ಏಟಿಗೆ ಆಗುತ್ತದೆ ಅಂತ ನನಗೆ ಗೊತ್ತು.

೨೫ ಫೆಬ್ರವರಿ, ಮಂಗಳವಾರ

ಕೊಂದುಬಿಡಬೇಕು.

ಗುಟ್ಟಿನ ಅಕ್ಷರ ಕೇಳಿದ್ದಕ್ಕೆ, "ನನ್ನ ಕೈಲಿ ಏನಿಲ್ಲ ಮಾವ, ಕಂಪ್ನೀನೇ ಬೀಗ ಹಾಕದೆ" ಅಂದ. ಅನಂತಪದ್ಮನಾಭನಿಗೆ ಫೋನ್ ಮಾಡಿದೆವು.

"ಮಾಲೀಕರ ಹೆಸರು ಬದಲಾಯಿಸಿದ್ರಾ? ಬೇಡ ಅಂದಿದ್ನಲ್ಲ ಸ್ವಾಮಿ. ಹೆಸರು ಬದಲಾದ್ರೆ ಅರವತ್ತು ದಿನ ಬೇರೆ ಕಂಪ್ನಿಗೆ ಹೋಗೋ ಹಾಗಿಲ್ಲ. ಕಳ್ಳರು ಹೆಸರು ಬದಲಾಯಿಸಿ ತಕ್ಷಣ ಸಾಗಿಸ್ಬಿಡ್ತಾರೆ ಅಂತ ಆ ನಿಯಮ. ಈ ಬೀಗ ಬೇಡ ಅಂತ ಮೊದಲೇ ಹೇಳಕ್ಕೆ ಕೆಲವು ಕಡೆ ಒಂದು ಚೌಕ ಇರುತ್ತೆ. ಅದನ್ನ ಒತ್ತಲಿಲ್ವಾ?"

ಸುಷ್ಮಿತಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಹೋಗ್ಲಿ, ಖಾತೆ ನನ್ನದಾಯ್ತಲ್ಲ?" ಅಂದೆ.

"ಅಪ್ಪ, ಖಾತೆ ಅಂದ್ರೆ ಎರಡು" ಅಂದಳು ಅವಳು. "ಒಂದು ಮಾಲೀಕರ ಹೆಸರು. ಅದು ನಿಂದಾಯ್ತು. ಇನ್ನೊಂದು, ಪಾಸ್‌ವರ್ಡ್ ಹಾಕಿ ಒಳಗೆ ಹೋಗೋ ಖಾತೆ. ಅದು ಇನ್ನೂ ಅವನದೇ. ಪುಟ ಮುಚ್ಚೋದು, ತೆಗೆಯೋದು, ಬೀಗ ಬಿಚ್ಚೋದು, ಗುಟ್ಟಿನ ಅಕ್ಷರ ತೆಗೆಯೋದು ಎಲ್ಲಾ ಅಲ್ಲಿಂದಲೇ. ಮನೆ ಪತ್ರ ನಿನ್ನ ಕೈಲಿ, ಬೀಗದ ಕೈ ಅವನ ಕೈಲಿ."

ಅದಕ್ಕೇ ಆ ಹಲ್ಲು ಕಂಡದ್ದು. ಅವನಿಗೆ ಗೊತ್ತಿತ್ತು. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಬೀಗ ಬಿಡುತ್ತದೆ. ಆವತ್ತೇ ಅವನು ಅದನ್ನು ತಗಡಿನವನ ಕಂಪನಿಗೆ ದಾಟಿಸುತ್ತಾನೆ.

ಕುಲುಮೆಗೆ ಹೋಗಿ ಹಲಸಿನ ದಿಮ್ಮಿಯ ಮೇಲೆ ಎಡಗೈಯಲ್ಲಿ ಮಚ್ಚು ಬೀಸಿದೆ. ದಿಮ್ಮಿ ಸೀಳುವವರೆಗೂ ಬೀಸಿದೆ. ಪ್ರತಿ ಏಟಿಗೂ ಅವನ ಹೆಸರು ಹೇಳಿದೆ. ಬೀದಿಯ ನಾಯಿಗಳು ಎದ್ದು ಆಚೆ ಹೋದವು.

೨೬ ಫೆಬ್ರವರಿ, ಬುಧವಾರ

ಶಿವರಾತ್ರಿ. ಹೊಟ್ಟೆಗೆ ಉಪವಾಸ. ಈ ಕೋಪಕ್ಕಿಲ್ಲ.

೫ ಮಾರ್ಚ್, ಬುಧವಾರ

ನಿನ್ನೆ ನಡೆದದ್ದು. ಬಲಗೈ ಮತ್ತೆ ಊದಿದೆ, ಅಕ್ಷರ ಸೊಟ್ಟ. ಆದರೂ ಬರೆಯುತ್ತೇನೆ.

ಹೆಬ್ಬಾಳದಲ್ಲಿ ಮಧ್ಯಾಹ್ನದ ಪಾಳಿ ಬಿಡುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಂತೆ. ಬಗಲಲ್ಲಿ ಚೀಲ, ಚೀಲದಲ್ಲಿ ಎಳನೀರಿನ ಮಚ್ಚು. ನಾನೇ ಹದ ಹಾಕಿದ್ದು, ಕೂದಲು ಇಟ್ಟರೆ ಸೀಳುತ್ತದೆ. ಯೋಗೇಂದ್ರ ಗೆಳೆಯರ ಜೊತೆ ನಗುತ್ತಾ ಬಂದ. ನನ್ನನ್ನು ನೋಡಿದ. ನಗು ನಿಲ್ಲಿಸಲಿಲ್ಲ.

ಮಚ್ಚು ತೆಗೆದೆ. ಎಡಗೈಯಲ್ಲಿ ಎತ್ತಬೇಕಿತ್ತು. ಕೋಪದಲ್ಲಿ ಬಲಗೈಯೇ ಹೋಯಿತು. ತಲೆಯ ಮೇಲಕ್ಕೆ ಎತ್ತಿದೆ. ಅಲ್ಲಿ ಆ ಎರಡು ಬೆರಳು ಮುಚ್ಚಲಿಲ್ಲ. ಮಚ್ಚು ಹಿಂದಕ್ಕೆ ಜಾರಿ ಕಲ್ಲಿನ ಮೇಲೆ ಬಿತ್ತು. ಕಿಡಿ ಹಾರಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಮಗುವನ್ನು ಎಳೆದುಕೊಂಡು ಕಿರುಚಿದಳು. ಅಂಗೈ ಅಗಲ ಆಚೆ ಬಿದ್ದಿದ್ದರೆ ಮಗುವಿನ ಕಾಲು.

ಬಗ್ಗಿ ತೆಗೆದುಕೊಳ್ಳುವಷ್ಟರಲ್ಲಿ ಯೋಗೇಂದ್ರ ಮಂಡಿಗೆ ಒದ್ದ. ಬಿದ್ದೆ. ನನ್ನ ಬಲಗೈಯ ಮೇಲೆ ಬೂಟು ಇಟ್ಟು ತಿರುವಿದ. ನಾನು ಅವನ ಮೀನಖಂಡ ಕಚ್ಚಿದೆ. ಪ್ಯಾಂಟಿನ ಸಮೇತ ಕಚ್ಚಿದೆ, ರಕ್ತದ ರುಚಿ ಬರುವವರೆಗೆ. ನಾಲ್ಕು ಜನ ಎಳೆದು ಬಿಡಿಸಿದರು.

"ಮಾವ," ಅಂದ ಕುಂಟುತ್ತಾ, ಎಲ್ಲರಿಗೂ ಕೇಳುವ ಹಾಗೆ, "ನಿಮ್ ಮಚ್ಚಿಗೆ ಹಿಡಿ ಸರಿಯಿಲ್ಲ ಕಣ್ರೀ. ವಾಪಸ್ ತಗೋತೀರಾ?"

ಜನ ನಕ್ಕರು.

ಠಾಣೆಯಲ್ಲಿ ಮಚ್ಚನ್ನು ಮೇಜಿನ ಮೇಲಿಟ್ಟುಕೊಂಡ ಎಎಸ್‌ಐ ಮುದ್ರೆ ಓದಿದ. "ನೀವೇನಾ ಆ ಹುಚ್ಚಯ್ಯ? ನಮ್ಮನೇಲಿ ನಿಮ್ದೇ ಈಳಿಗೆಮಣೆ." ಆಮೇಲೆ ಮುಖ ಗಂಟಿಕ್ಕಿ, ಇನ್ನು ಅಳಿಯನ ತಂಟೆಗೆ ಹೋಗುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡ. ನನ್ನ ಕೈಯಲ್ಲೇ. ಎಲ್ಲ ಕಡೆಯೂ ಬರೆಯಬೇಕು. ಯಾವ ಕರ್ಮಕ್ಕೆ ಬೆತ್ತ ಮುರಿದೆನೋ.

ಮನೆಗೆ ಬಂದರೆ ಸುಷ್ಮಿತಾ ಬಾಗಿಲಲ್ಲಿ ಕೂತಿದ್ದಳು. ಹೆಸರು ಕೊಡದ ಮೇಲೆ ತನ್ನ ಮಾತೂ ಮುಗಿಯಿತು ಅಂತ ಅವಳೊಬ್ಬಳೇ ನಿನ್ನೆ ಮಹಿಳಾ ಠಾಣೆಗೆ ಹೋಗಿದ್ದಳಂತೆ, ಫೋಟೋ ತೆಗೆದುಕೊಂಡು. ದೂರಿನ ಪ್ರತಿಗೆ ಮುದ್ರೆ ಹಾಕಿಕೊಟ್ಟು, ಕೇಸು ಬರೆದುಕೊಳ್ಳುತ್ತಿರುವಾಗಲೇ ಹೆಬ್ಬಾಳದ ಠಾಣೆಯಿಂದ ಫೋನು. ನಿಮ್ಮಪ್ಪ ಮಚ್ಚು ಹಿಡಿದು ನಿಂತವನೆ, ಇನ್ನು ಎರಡೂ ಕಡೆ ಕೇಸು, ರಾಜಿ ಮಾಡಿಕೊಳ್ಳಿ ಅಂದರಂತೆ.

"ನಿನ್ನ ಮಚ್ಚು ಅವನ ಮೇಲೆ ಬೀಳಲಿಲ್ಲ ಅಪ್ಪ," ಅಂದಳು. ಅಳಲಿಲ್ಲ. "ನನ್ನ ಕೇಸಿನ ಮೇಲೆ ಬಿತ್ತು."

೮ ಮಾರ್ಚ್, ಶನಿವಾರ

ಚಾಮುಂಡಮ್ಮ ಬಿಸಿನೀರಿಗೆ ಉಪ್ಪು ಹಾಕಿ ಇಟ್ಟಳು. ಕೈ ಅದ್ದಿಕೊಂಡು, "ಹೆಣ್ಣಿನ ಮೇಲೆ ಕೈ ಎತ್ತೋ ನಾಯಿ" ಅಂತ ಅವನನ್ನು ಬೈಯುತ್ತಿದ್ದೆ.

"ಮೂರು ವರ್ಷ ಸುಮ್ನೆ ತಿಂದ್ಲಲ್ಲ ಏಟ, ಯಾಕೆ ಹೇಳಿ?" ಅಂದಳು, ಬಟ್ಟೆ ಮಡಚುತ್ತಾ. "ಅಂಗೇ ಇರ್ತದೆ ಸಂಸಾರ ಅಂದ್ಕಂಡಿದ್ಲು. ಈ ಮನೇಲಿ ನೋಡ್ಕಂಡೇ ಬೆಳೆದೋಳಲ್ವಾ."

ಅದು ಬೇರೆ. ಇದು ಬೇರೆ.

ನೀರು ಆರಿತು. ಬೇರೆ ಬಿಸಿ ಮಾಡಿಕೊಡು ಅಂತ ಕೇಳಲಿಲ್ಲ.

೯ ಮಾರ್ಚ್, ಭಾನುವಾರ

ಅದು ಬೇರೆ ಅಂತ ಬರೆದಿದ್ದೇನೆ. ಹೇಗೆ ಬೇರೆ ಅಂತ ಬರೆಯಲು ಕೂತೆ. ಕೈ ನೋಯುತ್ತಿದೆ, ಸಾಕು.

೧೭ ಮಾರ್ಚ್, ಸೋಮವಾರ

ಅಂಬುಜಾ ಕೈ ನೋಡಿ ಬೈದಳು. ಮೂಳೆ ಮತ್ತೆ ಬಿಡದೆ ಇರುವುದೇ ನಿಮ್ಮ ಪುಣ್ಯ ಅಂದಳು. "ಬರೀತಿದ್ದೀರಾ?" ಅಂತ ಕೇಳಿದ್ದಕ್ಕೆ ಹೂಂ ಅಂದೆ. "ತೋರ್ಸಿ." ತೋರಿಸಲಿಲ್ಲ. ಇದು ಯಾರಿಗೂ ಅಲ್ಲ.

೩೦ ಮಾರ್ಚ್, ಭಾನುವಾರ

ಯುಗಾದಿ. ಬೇವು ಬೆಲ್ಲ ಕೊಡುವಾಗ ಚಾಮುಂಡಮ್ಮನ ಕೈ ನನ್ನ ಕೈಗೆ ತಾಗಿತು. ನಾನೇ ಅವಳಿಗೂ ಒಂದು ಚೂರು ಕೊಟ್ಟೆ. "ಏನಿದು ಹೊಸದು" ಅಂದಳು. ಹಬ್ಬಕ್ಕೆ ಕೊಡಬಾರದೇನು? ಹೆಂಗಸರಿಗೆ ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು.

ಯೋಗೇಂದ್ರನಿಗೆ ಈ ವರ್ಷ ಬೇವೇ ಇರಲಿ. ಬಾಯಿ ತುಂಬ ಇರಲಿ. ಉಸಿರು ಕಟ್ಟಲಿ.

೩ ಏಪ್ರಿಲ್, ಗುರುವಾರ

ಬೆಳಗ್ಗೆ ಸುಷ್ಮಿತಾ ಕುಲುಮೆಗೆ ಓಡಿ ಬಂದಳು. ಬರಿಗಾಲಲ್ಲಿ, ಕೈಯಲ್ಲಿ ಫೋನು.

"ಅಪ್ಪ, ಕಂಪ್ನಿಯಿಂದ ಮೇಲ್ ಬಂದಿದೆ. ಮಾಲೀಕರ ಹೆಸರು ಹುಚ್ಚಯ್ಯ ಅನ್ನೋದನ್ನ ಮತ್ತೆ ಯೋಗೇಂದ್ರ ಅಂತ ಮಾಡಕ್ಕೆ ಕೋರಿಕೆ ಬಂದಿದೆ, ಮಾಲೀಕರಾದ ನಿಮ್ಮ ಒಪ್ಪಿಗೆ ಇದ್ಯಾ ಅಂತ ಕೇಳವ್ರೆ."

ನನಗೆ ಅರ್ಥವಾಗಲಿಲ್ಲ.

"ಅವನ ಕೈಲೇ ಆಗ್ತಿಲ್ಲ ಅಪ್ಪ! ಖಾತೆ ಒಳಗೆ ಅವನಿದ್ರೂ ಹೆಸರು ನಿಂದು. ನೀನು ಹೂಂ ಅನ್ನದೆ ಬದಲಾಗಲ್ಲ. ನಾವು ಆಚೆ ಹೋಗಕ್ಕಾಗದಂಗೆ ಅವನೂ ಹೋಗಕ್ಕಾಗಲ್ಲ. ಬೀಗ ಇಬ್ಬರಿಗೂ ಬಿದ್ದದೆ."

"ಆವತ್ತು ನಾನು ಮೊದ್ಲು ಖಾತೆ ಅನ್ನದೆ ಇದ್ದಿದ್ರೆ?"

"ಇಷ್ಟು ಹೊತ್ತಿಗೆ ತಗಡಿನವನ ಅಂಗಡಿ ಬೋರ್ಡ್ ಮೇಲೆ ಇರ್ತಿತ್ತು. ಚೌಕ ಓದಕ್ಕೆ ಬಿಟ್ಟಿದ್ರೆ ಫೆಬ್ರವರೀಲೇ ನಮ್ಮ ಕೈಲೂ ಇರ್ತಿತ್ತು. ಅದನ್ನೂ ಬರ್ಕೋ" ಅಂದಳು.

ಬರೆದುಕೊಂಡಿದ್ದೇನೆ.

ಆ ಮೇಲ್‌ನ ಕೊನೆಯಲ್ಲಿ ಎರಡು ಗುಂಡಿ ಇದ್ದವು. ಹೌದು, ಇಲ್ಲ. "ಒತ್ತು ಅಪ್ಪ" ಅಂತ ನನ್ನ ಮುಂದೆ ಹಿಡಿದಳು. ನನ್ನ ಬೆರಳಿಗೆ ಮಸಿ. "ನೀನೇ ಒತ್ತು" ಅಂದೆ.

ಇಲ್ಲ ಅನ್ನುವುದರ ಮೇಲೆ ಒತ್ತಿದಳು. ಸದ್ದೇನೂ ಬರಲಿಲ್ಲ. ಆದರೆ ಅವಳ ಮುಖ ನೋಡಬೇಕಿತ್ತು. ನಾನು ಅವನ ದವಡೆಗೆ ಬಿಟ್ಟ ದಿನ ಹೀಗೆ ಇರಲಿಲ್ಲ ಅವಳ ಮುಖ.

೮ ಏಪ್ರಿಲ್, ಮಂಗಳವಾರ

ರಾಮಕೃಷ್ಣನಗರಕ್ಕೆ ಹೋದೆವು. ಸುಷ್ಮಿತಾ ಮಾತಾಡಿದಳು, ನಾನು ಬಾಯಿ ಮುಚ್ಚಿಕೊಂಡು ಕೂತೆ. ಅನಂತಪದ್ಮನಾಭ ನಾಲ್ಕು ಸಲ ಕನ್ನಡಕ ಒರೆಸಿ ಒಂದು ದಾರಿ ಹೇಳಿದ.

"ಬೀಗ ಇರೋದು ಬೇರೆ ಕಂಪ್ನಿಗೆ ಹೋಗಕ್ಕೆ. ಅದೇ ಕಂಪ್ನಿ ಒಳಗೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಾಕಕ್ಕೆ ಸಾಮಾನ್ಯವಾಗಿ ಅಡ್ಡಿ ಇರಲ್ಲ. ಇವರು ಅಲ್ಲೇ ಒಂದು ಹೊಸ ಖಾತೆ ತೆರೀಲಿ. ಮಾಲೀಕರು ನೀವು ಅನ್ನೋದಕ್ಕೆ ಗುರುತಿನ ಚೀಟಿ ಹಚ್ಚಿ, ಇದಕ್ಕೆ ಹಾಕಿಕೊಡಿ ಅಂತ ಬರೀರಿ. ಇಪ್ಪತ್ತನಾಲ್ಕಕ್ಕೆ ಮೊದ್ಲು ಆಗ್ಬೇಕು."

"ಹಂಗಾದ್ರೆ ನಿನಗೇನು ಸಿಕ್ತು?" ಅಂದೆ. "ಹೆಸರು ನಿನ್ನ ಕಂಪ್ನಿಗೆ ಬರಲ್ವಲ್ಲ."

"ಬಾಗಿಲು ಉಳೀತು" ಅಂದ.

ಆಸಾಮಿಗೆ ನಗಿಸಲೂ ಬರುತ್ತದೆ.

ಸುಷ್ಮಿತಾ ಅಲ್ಲೇ ಕೂತು ಕಂಪನಿಗೆ ಬರೆದಳು. ದಯವಿಟ್ಟು, ತೊಂದರೆಗೆ ಕ್ಷಮಿಸಿ, ತಮ್ಮ ಸಹಕಾರ ಕೋರಿ ಅಂತೆಲ್ಲ ಹಾಕಿದ್ದಾಳಂತೆ.

೧೧ ಏಪ್ರಿಲ್, ಶುಕ್ರವಾರ

ಕಂಪನಿಯಿಂದ ಉತ್ತರ. ನಿಮ್ಮಂಥ ಗ್ರಾಹಕರೇ ನಮಗೆ ಮುಖ್ಯ ಅಂತ ಶುರುವಾಗಿ, ಖಾತೆ ಹೊಂದಿರುವವರನ್ನು ಸಂಪರ್ಕಿಸಿ ಅಂತ ಮುಗಿಯುತ್ತದೆ. ಅಂದರೆ ಯೋಗೇಂದ್ರನನ್ನು ಕೇಳಬೇಕು. ಜೊತೆಗೆ, ಆಧಾರಿನಲ್ಲಿ ಹುಚ್ಚಯ್ಯ ಅನ್ನುವುದಕ್ಕೆ ಒಂದು ಅಕ್ಷರ ಹೆಚ್ಚಿದೆಯಂತೆ, ತಾಳೆಯಾಗುವುದಿಲ್ಲವಂತೆ. ನಾನು ಹುಚ್ಚಯ್ಯನೇ ಅಂತ ರುಜುವಾತು ಮಾಡಬೇಕಂತೆ.

"ಈ ಊರಲ್ಲಿ ಅದಕ್ಕೆ ಸಾಕ್ಷಿ ಬೇಕಾ!" ಅಂತ ಚಾಮುಂಡಮ್ಮ ಅಡಿಗೆಮನೆಯಿಂದ ಅಂದಳು. ಸುಷ್ಮಿತಾ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ತಡೆದುಕೊಂಡೆ.

ಆಸ್ಪತ್ರೆಗೂ ಹೋಗಿ ಬಂದೆ. ಅಂಬುಜಾ ಬೆರಳು ಹಿಡಿದು ಬಗ್ಗಿಸಿ ನೋಡಿ, "ಚೆನ್ನಾಗಾಗಿದೆ. ಇನ್ನು ಬರೆಯೋದು ಬೇಡ. ಮುಷ್ಟಿ ಕಟ್ಟಿ ನೋಡ್ಕೊಂಡ್ರಾ?" ಅಂದಳು. ಇಲ್ಲ, ಮರೆತಿದ್ದೆ. ಜೇಬಿನಲ್ಲಿ ಪೆನ್ನಿತ್ತು. ಬಸ್ಸಿನಲ್ಲಿ ಬರುವಾಗ ಆ ಕಂಪನಿಗೆ ಏನು ಬರೆಯಬೇಕು ಅಂತ ಯೋಚಿಸುತ್ತಾ ಸ್ಟಾಪು ದಾಟಿಹೋಯಿತು.

ಬೇಡ ಅಂದಳಲ್ಲ, ಬಿಡಬಹುದು. ಆದರೆ ಸುಷ್ಮಿತಾಳ ಕಾಗದಕ್ಕೆ ಹದವೇ ಇಲ್ಲ. ಬರೀ ಹಿಡಿ, ಅಲಗಿಲ್ಲ.

೧೩ ಏಪ್ರಿಲ್, ಭಾನುವಾರ

ಕೆಳಗಿನದನ್ನು ಸುಷ್ಮಿತಾ ಇಂಗ್ಲಿಷ್ ಮಾಡುತ್ತಾಳೆ. ದಯವಿಟ್ಟು ಸೇರಿಸಕೂಡದು ಅಂತ ಹೇಳಿದ್ದೇನೆ. ಚಾಮುಂಡಮ್ಮ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಒಂದು ಸಾಲು ಓದಿ ಹೇಳಿದೆ, ಕೈ ಎತ್ತಿ ಬೀಸಿ ಹೇಳಿದೆ. "ಇನ್ನೊಂದ್ಸಲ ಓದಿ" ಅಂದಳು, ಕೂತಲ್ಲೇ.

ಹೆಸರು ಬರೆದುಕೊಳ್ಳುವ ಕಂಪನಿಯವರಿಗೆ.

ನಾನು ಹುಚ್ಚಯ್ಯ. ಮೈಸೂರು, ಮಂಡಿ ಮೊಹಲ್ಲಾ. ನಿಮ್ಮಲ್ಲಿರುವ ಹುಚ್ಚಯ್ಯ ಡಾಟ್ ಕಾಮ್‌ಗೆ ಮಾಲೀಕ ನಾನು. ಫೆಬ್ರವರಿ ಇಪ್ಪತ್ತಮೂರರಂದು ನೀವೇ ಹಾಗೆ ಬರೆದುಕೊಂಡಿದ್ದೀರಿ. ಏಪ್ರಿಲ್ ಮೂರರಂದು ಮಾಲೀಕ ಅಂತ ನನ್ನನ್ನೇ ಒಪ್ಪಿಗೆ ಕೇಳಿದ್ದೀರಿ. ಆವತ್ತು ಮಾಲೀಕನಾಗಿದ್ದವನು ಇವತ್ತು ಯಾಕಲ್ಲ?

ಖಾತೆ ಹೊಂದಿದವನನ್ನು ಕೇಳು ಅನ್ನುತ್ತೀರಿ. ಅವನು ನನ್ನ ಮಗಳನ್ನು ಹೊಡೆದವನು. ಆ ಬಗ್ಗೆ ಮಹಿಳಾ ಠಾಣೆಯಲ್ಲಿ ಅವಳು ಕೊಟ್ಟ ದೂರಿನ ಪ್ರತಿ ಹಚ್ಚಿದ್ದೇನೆ. ಅವನನ್ನು ನಾನು ಹೊಡೆದದ್ದೂ, ಮಚ್ಚು ಹಿಡಿದು ಹೋದದ್ದೂ ನಿಜ. ಮುಚ್ಚಳಿಕೆಯ ಪ್ರತಿಯೂ ಇದೆ. ಮುಚ್ಚಿಡುವುದಿಲ್ಲ. ಅವನನ್ನು ಕೇಳಲು ನಾನು ಹೋಗುವುದಿಲ್ಲ, ಹೋಗುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ. ನೀವು ಕೇಳಿ.

ನನ್ನ ಹೆಸರಿನ ಅಕ್ಷರ ತಾಳೆಯಾಗಲಿಲ್ಲ ಅಂದಿರಿ. ಕನ್ನಡದಲ್ಲಿ ಬರೆದರೆ ಒಂದೇ ರೀತಿ. ಇಂಗ್ಲಿಷಿನವರು ಒಂದೊಂದು ಆಫೀಸಿನಲ್ಲಿ ಒಂದೊಂದು ಥರ ಬರೆದರೆ ಅದು ನನ್ನ ತಪ್ಪಲ್ಲ. ಆಧಾರ್, ಅಂಗಡಿಯ ಲೈಸೆನ್ಸು, ಮಚ್ಚಿನ ಮೇಲಿನ ಮುದ್ರೆಯ ಫೋಟೋ ಮೂರೂ ಕಳಿಸಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ಅವನ ಖಾತೆಯಿಂದ ಹೆಸರನ್ನು ತೆಗೆದು, ನಿಮ್ಮ ಕಂಪನಿಯಲ್ಲೇ ನನ್ನ ಮಗಳು ಸುಷ್ಮಿತಾ ತೆರೆದಿರುವ ಖಾತೆಗೆ ಹಾಕಿ. ನನ್ನ ಖಾತೆಗಲ್ಲ, ಅವಳ ಖಾತೆಗೆ. ಇಪ್ಪತ್ತನಾಲ್ಕು ಕಳೆದ ಮೇಲೆ ಮಾಲೀಕರ ಜಾಗದಲ್ಲೂ ನನ್ನ ಹೆಸರು ಅಳಿಸಿ ಅವಳ ಹೆಸರನ್ನೇ ಬರೆಯಿರಿ. ಅದಕ್ಕೆ ಇನ್ನೊಂದು ಅರವತ್ತು ದಿನ ಬೀಗ ಹಾಕುವುದಾದರೆ ಹಾಕಿ. ಚೌಕ ಒತ್ತುವುದೋ ಬಿಡುವುದೋ ಅವಳು ಓದಿ ನೋಡುತ್ತಾಳೆ, ಅವಳಿಗೆ ಓದಲು ಬರುತ್ತದೆ. ಬೀಗದ ಕೈ ಅವಳ ಹತ್ತಿರ ಇರಲಿ.

ನಿಮ್ಮಂಥ ಗ್ರಾಹಕರೇ ಮುಖ್ಯ ಅಂತ ಮತ್ತೆ ಬರೆಯಬೇಡಿ. ಆಗುತ್ತದೆ ಅಥವಾ ಆಗುವುದಿಲ್ಲ, ಎರಡರಲ್ಲಿ ಒಂದು ಬರೆಯಿರಿ. ಆಗುವುದಿಲ್ಲ ಅಂದರೆ ಯಾಕೆ ಅಂತ, ಬರೆದವರ ಹೆಸರು ಹಾಕಿ ಬರೆಯಿರಿ.

ಏಪ್ರಿಲ್ ಇಪ್ಪತ್ತೊಂದು, ಸೋಮವಾರದೊಳಗೆ ಉತ್ತರ ಬೇಕು.